ಮಾವ, ಮಾಂಸ ಯಾರು ಹೊರ್ತಾರೆ?

ಸಕಲೇಶಪುರದಿಂದ ಅಣ್ಣ ಒಂದು ಪಟ್ಟಿ ಕಳಿಸಿದ್ದ. ನನ್ನ ದೊಡ್ಡಪ್ಪನ ಮಗ ಅವನು, ಕಾಫಿ ತೋಟ ನೋಡಿಕೊಂಡು ಊರಲ್ಲೇ ಇದ್ದಾನೆ. ನಾವಿರುವ ಅಲಾಸ್ಕಕ್ಕೆ ಬಂದು ಒಂದು ಮೂಸ್ ಹೊಡೆಯಬೇಕು ಅನ್ನುವುದು ಅವನ ಬಹಳ ದಿನದ ಆಸೆ. ಮೂಸ್ ಅಂದರೆ ನಮ್ಮ ಕಡವೆಯ ಕುಲದ್ದೇ ಪ್ರಾಣಿ, ಆದರೆ ಬಲಿತ ಗಂಡು 550 ಕೆ.ಜಿ.ಯಿಂದ 700 ಕೆ.ಜಿ.ವರೆಗೂ ತೂಗುತ್ತದೆ. ಅಣ್ಣನ ಪಟ್ಟಿಯಲ್ಲಿ ವೀಸಾ ಇತ್ತು, ವಿಮಾನದ ಟಿಕೆಟ್ ಇತ್ತು. ಗೈಡ್, ಕೋವಿ, ಚಳಿಬಟ್ಟೆ, ಫೋಟೋ ತೆಗೆಯಲು ಒಬ್ಬ, ಕೊಂಬನ್ನು ಊರಿಗೆ ಸಾಗಿಸುವ ಖರ್ಚು, ಅದನ್ನು ಗೋಡೆಗೆ ಕೂರಿಸಲು ಬೀಟೆ ಹಲಗೆ ಮಾಡಿಕೊಡುವ ಆಚಾರಿಯ ಕೂಲಿ, ಎಲ್ಲ ಬರೆದಿದ್ದ. "ರೇಟು ವಿಚಾರಿಸಿ ತುಂಬಿಸು ಪುಟ್ಟಿ" ಅಂದಿದ್ದ.

ಅವತ್ತು ರಾತ್ರಿ ವಿಡಿಯೊ ಕಾಲ್‌ನಲ್ಲಿ ಆ ಪಟ್ಟಿಯನ್ನು ಒಂದೊಂದಾಗಿ ಓದುತ್ತಿದ್ದೆವು. ಪಕ್ಕದಲ್ಲಿ ಕೂತು ಹೋಂವರ್ಕ್ ಮಾಡುತ್ತಿದ್ದ ಮಗಳು ತಲೆ ಎತ್ತಿ ಕೇಳಿದಳು, "ಮಾವ, ಮಾಂಸ ಯಾರು ಹೊರ್ತಾರೆ?"

ಅಣ್ಣ ನಕ್ಕ. "ಅಷ್ಟು ಮಾಂಸ ತಗೊಂಡು ಏನ್ ಮಾಡೋದು ಮರಿ? ಕೊಂಬು ತಗೊಂಡು ಮಿಕ್ಕಿದ್ದು ಅಲ್ಲೇ ಬಿಟ್ಟರಾಯ್ತು. ತೋಳ ಕರಡಿ ತಿನ್ಕೊಳ್ತವೆ" ಅಂದ.

ಮಗಳು ನಗಲಿಲ್ಲ. ನನ್ನ ಕಡೆ ತಿರುಗಿ, "ಅಮ್ಮ, ಅದು ಕಳ್ಳತನ ಅಲ್ವಾ?" ಅಂದಳು. ಫೋನು ಇನ್ನೂ ಆನ್ ಇತ್ತು. ಅಣ್ಣನ ಮುಖ ಸಣ್ಣಗಾಯಿತು. "ಸರಿ, ಆಮೇಲೆ ಮಾತಾಡೋಣ" ಅಂತ ಇಟ್ಟುಬಿಟ್ಟ. ನನಗೆ ಅಣ್ಣನ ಬಗ್ಗೆ ಬೇಜಾರಾಯಿತು, ಅವನಿಗಾದ ನೋವಿಗೂ ಬೇಜಾರಾಯಿತು. ಚಿಕ್ಕವಳಿದ್ದಾಗ ನನ್ನನ್ನು ಹೆಗಲ ಮೇಲೆ ಹೊತ್ತು ಹಳ್ಳ ದಾಟಿಸುತ್ತಿದ್ದವನು ಅವನು. ಆದರೆ ಮಗಳು ಹೇಳಿದ್ದರಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ.

ಮೊದಲು ಅವನು ಕೇಳಿದ ಲೆಕ್ಕ ಹೇಳಿಬಿಡುತ್ತೇನೆ. ಊರಲ್ಲಿ ಇನ್ನೂ ಕೆಲವರಿಗೆ ಈ ಆಸೆ ಇದೆ ಅಂತ ನನಗೆ ಗೊತ್ತು.

ಅಮೆರಿಕದ ಬೇರೆ ರಾಜ್ಯದವರು ಇಲ್ಲಿ ಗೈಡ್ ಇಲ್ಲದೆ ಮೂಸ್ ಬೇಟೆಗೆ ಹೋಗಬಹುದು. ಹೊರದೇಶದಿಂದ ಬರುವವರಿಗೆ ಆಗುವುದಿಲ್ಲ. ಯಾವ ದೊಡ್ಡ ಪ್ರಾಣಿಯೇ ಇರಲಿ, ಲೈಸೆನ್ಸ್ ಇರುವ ಗೈಡ್ ಜೊತೆಗಿರಲೇಬೇಕು. "ನೀವೆಲ್ಲ ಅಲ್ಲೇ ಇದ್ದೀರಲ್ಲ, ನಿಮ್ಮ ಜೊತೆ ಬಂದರಾಗಲ್ವಾ?" ಅಂತ ಅಣ್ಣ ಕೇಳಿದ್ದ. ನೆಂಟರು ಅನ್ನುವ ರಿಯಾಯಿತಿ ಅವನಿಗಿಲ್ಲ. ಹೊರದೇಶದವರಿಗೆ ಬೇಟೆಯ ಲೈಸೆನ್ಸ್ 630 ಡಾಲರ್, ಹೊಡೆದ ಮೂಸ್‌ಗೆ ಕಟ್ಟಬೇಕಾದ ಟ್ಯಾಗ್ 1,000 ಡಾಲರ್. ಇಲ್ಲೇ ಒಂದು ವರ್ಷ ನೆಲೆ ನಿಂತವರಿಗೆ ಲೈಸೆನ್ಸ್ 45 ಡಾಲರ್, ಮೂಸ್‌ಗೆ ಟ್ಯಾಗ್ ಶುಲ್ಕವೇ ಇಲ್ಲ.

ದೊಡ್ಡ ಖರ್ಚು ಗೈಡ್‌ನದು. ಏಳರಿಂದ ಹತ್ತು ದಿನದ ಬೇಟೆಗೆ 20,000 ಡಾಲರ್‌ಗಿಂತ ಕಡಿಮೆಗೆ ಒಳ್ಳೆಯವರು ಸಿಗುವುದು ಕಷ್ಟ, 30,000 ದಾಟಿದ್ದೂ ಇದೆ. ಒಂದೆರಡು ವರ್ಷ ಮೊದಲೇ ಬುಕ್ ಮಾಡಬೇಕು. ಸಾಮಾನ್ಯವಾಗಿ ಅರ್ಧ ದುಡ್ಡು ಮುಂಗಡ, ಅದು ವಾಪಸ್ ಬರುವುದಿಲ್ಲ. ಮೂಸ್ ಸಿಗದಿದ್ದರೂ ಪೂರ್ತಿ ದುಡ್ಡು ಕೊಡಬೇಕು. ಮುಗಿದ ಮೇಲೆ ಗೈಡ್‌ಗೆ, ಹೊರುವವರಿಗೆ ಭಕ್ಷೀಸು ಬೇರೆ, ನೂರಕ್ಕೆ ಹತ್ತರ ಲೆಕ್ಕ. ಕೋವಿ ಊರಿಂದ ತರುವುದಾದರೆ ಮೊದಲೇ ಅರ್ಜಿ ಹಾಕಿ ಅಮೆರಿಕದ ಅನುಮತಿ ಪಡೆಯಬೇಕು. ಗೈಡ್‌ನ ಕೋವಿ ಬಾಡಿಗೆಗೆ ತೆಗೆದುಕೊಳ್ಳುವುದು ಎಷ್ಟೋ ವಾಸಿ. ವಿಮಾನದ ಖರ್ಚು, ಹೋಟೆಲು ಎಲ್ಲ ಸೇರಿಸಿದರೆ ನಮ್ಮ ದುಡ್ಡಿನಲ್ಲಿ ಇಪ್ಪತ್ತೈದು ಲಕ್ಷ ಇಟ್ಟುಕೊಂಡೇ ಹೊರಡಬೇಕು.

ದುಡ್ಡಿನ ಜೊತೆ ದಿನಗಳನ್ನೂ ಜಾಸ್ತಿ ಇಟ್ಟುಕೊಳ್ಳಬೇಕು. ಬೇಟೆಯ ಜಾಗಗಳಿಗೆ ಬಹಳ ಕಡೆ ರಸ್ತೆಯೇ ಇಲ್ಲ. ಇಬ್ಬರು ಕೂರುವ ಪುಟ್ಟ ವಿಮಾನ ಹೊಳೆದಂಡೆಯ ಮರಳಿನ ಮೇಲೆ ಇಳಿಯುತ್ತದೆ. ಮಂಜು ಕವಿದರೆ ಎರಡು ಮೂರು ದಿನ ಹಾರುವುದೇ ಇಲ್ಲ. ವಿಮಾನದಲ್ಲಿ ಬಂದಿಳಿದ ದಿನ ಗುಂಡು ಹಾರಿಸುವಂತೆಯೂ ಇಲ್ಲ. ಮರುದಿನ ಬೆಳಗಿನ ಜಾವ 3 ಗಂಟೆ ಕಳೆಯಬೇಕು. ಇಷ್ಟಾದ ಮೇಲೂ ಕಣ್ಣಿಗೆ ಬಿದ್ದ ಮೂಸನ್ನೆಲ್ಲ ಹೊಡೆಯುವ ಹಾಗಿಲ್ಲ. ಹೊರಗಿನವರಿಗೆ ಬಹಳಷ್ಟು ವಲಯಗಳಲ್ಲಿ ಕೊಂಬಿನ ಅಗಲ 50 ಇಂಚು ಇರಬೇಕು, ಇಲ್ಲದಿದ್ದರೆ ಹಣೆಯ ಹತ್ತಿರದ ಕವಲು ಒಂದು ಬದಿಯಲ್ಲಾದರೂ ಮೂರೋ ನಾಲ್ಕೋ ಇರಬೇಕು. ಪೊದೆಯ ಮರೆಯಲ್ಲಿ ನಿಂತ ಪ್ರಾಣಿಯ ಕವಲು ಎಣಿಸುವುದಕ್ಕೇ ಗೈಡ್ ಬೇಕು.

ಈ ಲೆಕ್ಕವನ್ನೆಲ್ಲ ಸರಿಯಿದೆಯಾ ನೋಡಿ ಅಂತ ಪಕ್ಕದ ಮನೆಯವರಿಗೆ ತೋರಿಸಿದೆ. ಎಪ್ಪತ್ತು ದಾಟಿದ ನಿವೃತ್ತ ಮೇಷ್ಟ್ರು. ಸೆಪ್ಟೆಂಬರ್ ಬಂದರೆ ಮಗನ ಜೊತೆ ಕಾಡಿಗೆ ಹೊರಡುತ್ತಾರೆ. ಪಟ್ಟಿ ನೋಡಿ ಅವರೂ ನನ್ನ ಮಗಳ ಪ್ರಶ್ನೆಯನ್ನೇ ಕೇಳಿದರು. "ಇಲ್ಲಿ ಲೆಕ್ಕ ಶುರುವಾಗೋದು ಮಾಂಸದಿಂದ. ಅದು ಎಲ್ಲಿ ಬೀಳುತ್ತೆ, ಅಲ್ಲಿಂದ ದೋಣಿ ಎಷ್ಟು ದೂರ, ಎಷ್ಟು ಜನ ಇದ್ದೀರಿ, ಇದು ಗೊತ್ತಿಲ್ಲದೆ ಗುಂಡು ಹಾರಿಸಬಾರದು. ನೀರಲ್ಲಿ ನಿಂತಿರೋದಕ್ಕಂತೂ ಹಾರಿಸಲೇಬಾರದು" ಅಂದರು.

ಒಂದು ಮೂಸ್‌ನಿಂದ ಸುಮಾರು 225 ಕೆ.ಜಿ. ಮಾಂಸ ಸಿಗುತ್ತದೆ. ಒಂದು ಹಿಂದೊಡೆಯೇ ಮೂಳೆ ಸೇರಿ ನಮ್ಮ ಕಾಫಿ ಮೂಟೆಯಷ್ಟು ಭಾರ, 50 ಕೆ.ಜಿ. ದಾಟುತ್ತದೆ. ಅದನ್ನು ಬೆನ್ನಿಗೆ ಕಟ್ಟಿಕೊಂಡು ಮೊಣಕಾಲುದ್ದ ಜವುಗಿನಲ್ಲಿ ನಡೆಯಬೇಕು. ಮತ್ತೆ ವಾಪಸ್ ಬಂದು ಇನ್ನೊಂದು ಹೊರೆ. ನಾಲ್ಕು ಕಾಲು, ಪಕ್ಕೆ, ಕುತ್ತಿಗೆ, ಎದೆ, ಬೆನ್ನಿನ ಮಾಂಸ, ಎಲ್ಲವನ್ನೂ ತರಲೇಬೇಕು. ಕೆಲವು ವಲಯಗಳಲ್ಲಿ ಕಾಡಿನಿಂದ ಹೊರಗೆ ಬರುವವರೆಗೂ ಮೂಳೆಯಿಂದ ಬಿಡಿಸುವಂತಿಲ್ಲ. ಕೊಂಬು ಕೊನೆಯ ಹೊರೆಯಲ್ಲಿ ಮಾತ್ರ ಬರಬೇಕು. ಮಾಂಸ ಅಲ್ಲೇ ಇದ್ದು ಕೊಂಬು ಮೊದಲು ಹೊರಟರೆ ಅಪರಾಧ. ಮಾಂಸ ಬಿಟ್ಟು ಬಂದವರಿಗೆ ಜೈಲು, ದಂಡ ಎರಡೂ ಉಂಟು.

ಈ ಕಾನೂನಿನ ಬೇರು ಅಲಾಸ್ಕದ ಸಂವಿಧಾನದಲ್ಲೇ ಇದೆ. ಇಲ್ಲಿನ ಕಾಡುಪ್ರಾಣಿ, ಮೀನು, ನೀರು ಎಲ್ಲ ಜನರೆಲ್ಲರ ಬಳಕೆಗೆ ಅಂತ ಅದರ ಎಂಟನೆಯ ವಿಧಿಯಲ್ಲಿ ಬರೆದಿದ್ದಾರೆ. ಮಗಳು ಇದನ್ನು ಓದಿ ಕಲಿತವಳಲ್ಲ. ಪಕ್ಕದ ಮನೆಯ ಗ್ಯಾರೇಜಿನಲ್ಲಿ ಕಲಿತಳು.

ಆ ಗ್ಯಾರೇಜನ್ನು ನೀವು ನೋಡಬೇಕು. ಹತ್ತಿಬಟ್ಟೆಯ ಚೀಲಗಳಲ್ಲಿ ತೊಡೆಗಳು ತೂಗಾಡುತ್ತಿರುತ್ತವೆ. ಉದ್ದನೆಯ ಮೇಜಿನ ಮೇಲೆ ಪ್ಲಾಸ್ಟಿಕ್ ಹಾಸಿರುತ್ತಾರೆ. ದೊಡ್ಡವರು ಕತ್ತರಿಸುತ್ತಾರೆ, ಒಬ್ಬರು ಕೀಮಾ ಯಂತ್ರ ತಿರುಗಿಸುತ್ತಾರೆ. ಮಕ್ಕಳು ಬಿಳಿ ಕಾಗದದಲ್ಲಿ ಸುತ್ತಿ, ಟೇಪು ಅಂಟಿಸಿ, ಮಾರ್ಕರ್‌ನಲ್ಲಿ ಯಾವ ಭಾಗ, ಯಾವ ವರ್ಷ ಅಂತ ಬರೆಯುತ್ತಾರೆ. ನನ್ನ ಮಗಳು ಒಂದಷ್ಟು ಪೊಟ್ಟಣಗಳ ಮೇಲೆ ಕನ್ನಡದಲ್ಲಿ "ಸಾರಿಗೆ" ಅಂತ ಬರೆದಿದ್ದಳು. ಅವು ನಮ್ಮ ಮನೆಯ ಪಾಲು. ಮೂಸ್ ಮಾಂಸದಲ್ಲಿ ಕೊಬ್ಬು ಬಹಳ ಕಡಿಮೆ. ಕುಕ್ಕರ್‌ನಲ್ಲಿ ಸೀಟಿ ಜಾಸ್ತಿ ಬೇಕು. ಆದರೆ ಹುರಿದ ಧನಿಯ, ಕಾಳುಮೆಣಸು, ತೆಂಗಿನಕಾಯಿ ಅರೆದು ಹಾಕಿ ಸಾರು ಮಾಡಿ ಕಡುಬಿನ ಜೊತೆ ಬಡಿಸಿದರೆ ಊರಿನವರು ಕಡವೆ ಸಾರಿನ ಬಗ್ಗೆ ಹೇಳುತ್ತಿದ್ದದ್ದೆಲ್ಲ ನೆನಪಾಗುತ್ತದೆ.

ಬೇಟೆಯ ಮಾಂಸವನ್ನು ಇಲ್ಲಿ ಮಾರುವಂತಿಲ್ಲ, ಹಂಚಬಹುದು ಅಷ್ಟೇ. ಹಂಚಿದ್ದಕ್ಕೂ ಯಾರು ಯಾರಿಗೆ ಕೊಟ್ಟರು ಅಂತ ಸಹಿ ಹಾಕಿದ ಚೀಟಿ ಇರಬೇಕು. ಶಾಲೆಯ ಊಟಕ್ಕೆ, ವೃದ್ಧಾಶ್ರಮಕ್ಕೆ ದಾನವಾಗಿ ಕೊಡಬಹುದು. ರಸ್ತೆಯಲ್ಲಿ ಕಾರಿಗೆ ಸಿಕ್ಕಿ ಸತ್ತ ಮೂಸ್ ಕೂಡ ಹಾಳಾಗುವುದಿಲ್ಲ. ಪೊಲೀಸರ ಹತ್ತಿರ ಸೇವಾ ಸಂಸ್ಥೆಗಳ ಪಟ್ಟಿ ಇರುತ್ತದೆ, ನಡುರಾತ್ರಿಯಾದರೂ ಫೋನ್ ಮಾಡಿ ಕರೆಸುತ್ತಾರೆ. ನನಗೆ ಬಹಳ ಹಿಡಿಸಿದ್ದು ಇನ್ನೊಂದು ನಿಯಮ. 65 ತುಂಬಿದ ಇಲ್ಲಿನ ನಿವಾಸಿಯ ಪರವಾಗಿ ಇನ್ನೊಬ್ಬ ನಿವಾಸಿ ಬೇಟೆಯಾಡಬಹುದು. ಮಾಂಸ ಪೂರ್ತಿ ಆ ಹಿರಿಯರಿಗೆ. ಕೊಂಬಿಗೆ ಮಾತ್ರ ಬೆಲೆ ಉಳಿಯಬಾರದು ಅಂತ ತಲೆಬುರುಡೆಯನ್ನೇ ಎರಡು ಹೋಳು ಮಾಡಬೇಕು, ಇಲ್ಲವೇ ಒಂದು ಕೊಂಬನ್ನು ಬೇರೆ ಮಾಡಬೇಕು. ಪಕ್ಕದ ಮನೆಯ ಮಗ ಎದುರುಮನೆಯ ಅಜ್ಜಿಗಾಗಿ ಹಾಗೆ ಹೋಗಿದ್ದ. ಗೋಡೆಗೆ ಹಾಕಲು ಏನೂ ಸಿಗುವುದಿಲ್ಲ ಅಂತ ಗೊತ್ತಿದ್ದೂ ಅಷ್ಟು ಭಾರ ಹೊತ್ತ.

ನಮ್ಮ ಊರಿನ ಮನೆಯ ಜಗಲಿಯಲ್ಲಿ ಒಂದು ಜೊತೆ ಕಡವೆ ಕೊಂಬಿದೆ. ಅಜ್ಜ ಹೊಡೆದದ್ದು, 1972ರ ವನ್ಯಜೀವಿ ಕಾಯ್ದೆ ಬರುವುದಕ್ಕೆ ಮೊದಲು. ಬಂದವರೆಲ್ಲ ಅದನ್ನು ನೋಡಿ ಅಜ್ಜನ ಗುರಿಯ ಬಗ್ಗೆ ಮಾತಾಡುತ್ತಿದ್ದರು. ಅಣ್ಣನೂ ನಾನೂ ಅದರ ಕೆಳಗೇ ಆಡಿ ಬೆಳೆದವರು. ಮೂಸ್ ಕೊಂಬು ಅದರ ಪಕ್ಕದಲ್ಲೇ ಬರಬೇಕು ಅನ್ನುವುದು ಅವನ ಆಸೆ, ಅದು ನನಗೆ ಅರ್ಥವಾಗುತ್ತದೆ.

ಆದರೆ ಅಜ್ಜಿ ಹೇಳುತ್ತಿದ್ದ ಕತೆಯಲ್ಲಿ ಗುರಿಯ ಮಾತು ಕಡಿಮೆ, ಪಾಲಿನ ಮಾತು ಜಾಸ್ತಿ. ಶಿಕಾರಿಯಿಂದ ಬಂದವರು ಅಂಗಳದಲ್ಲಿ ಬಾಳೆ ಎಲೆ ಹಾಸಿ ಮಾಂಸ ಗುಡ್ಡೆ ಹಾಕುತ್ತಿದ್ದರು. ಕೋವಿ ಹಿಡಿದು ಬಿಲ್ಲಿಗೆ, ಅಂದರೆ ಪ್ರಾಣಿ ಬರುವ ದಾರಿ ಕಾಯುತ್ತಾ ನಿಂತವರಿಗೆ, ಹಳು ಸೋವಿದವರಿಗೆ, ಅಂದರೆ ಪೊದೆಗಳಿಂದ ಪ್ರಾಣಿಯನ್ನು ಎಬ್ಬಿಸಿ ಅಟ್ಟಿದವರಿಗೆ, ಎಲ್ಲರಿಗೂ ಪಾಲು. ಈಡು ಹೊಡೆದವನಿಗೆ ಸ್ವಲ್ಪ ಹೆಚ್ಚು. ನಾಯಿಗೂ ಒಂದು ಪಾಲು, ಅದು ನಾಯಿಯ ಯಜಮಾನನ ಮನೆಗೆ ಹೋಗುತ್ತಿತ್ತು. ಬಸುರಿ ಇರುವ ಮನೆಗೆ ಕೇಳದೆಯೇ ಕಳಿಸುತ್ತಿದ್ದರು. "ಪಾಲು ತಪ್ಪಿದರೆ ಮುಂದಿನ ಸಲ ಹಳುವಿಗೆ ಯಾರೂ ಬರ್ತಿರಲಿಲ್ಲ ಕಣೇ" ಅನ್ನುತ್ತಿದ್ದಳು ಅಜ್ಜಿ.

ಅದೆಲ್ಲ ಹೋಯಿತು, ಕೊಂಬು ಉಳಿಯಿತು. ಮುಳ್ಳು ತರಚಿಕೊಂಡು ಕೂಗುತ್ತಾ ಕಡವೆಯನ್ನು ಬಿಲ್ಲಿನ ಕಡೆ ಅಟ್ಟಿದವರು ಲೈನ್ ಮನೆಯವರು, ತೋಟದ ಕೂಲಿಯವರು. ಕಂಬಕ್ಕೆ ಕಟ್ಟಿ ಅಷ್ಟು ದೂರ ಹೊತ್ತು ತಂದವರೂ ಅವರೇ. ಅವರ ಹೆಸರು ನಮ್ಮ ಮನೆಯಲ್ಲಿ ಈಗ ಒಬ್ಬರಿಗೂ ನೆನಪಿಲ್ಲ. ಇದು ನನಗೆ ನಿಜವಾಗಿ ಚುಚ್ಚುತ್ತದೆ. "ಕೂಲಿಯವರು ಹೊರ್ತಾರೆ" ಅನ್ನುವ ಅಭ್ಯಾಸ ನಮ್ಮಲ್ಲಿ ಎಷ್ಟು ಹಳೆಯದು ಅಂದರೆ, ಅಣ್ಣ ಪಟ್ಟಿ ಬರೆಯುವಾಗ ಹೊರುವ ಕೆಲಸ ಅವನ ಕಣ್ಣಿಗೇ ಬೀಳಲಿಲ್ಲ.

ಊರಲ್ಲಿ ಮತ್ತೆ ಬೇಟೆ ಬರಲಿ ಅಂತ ನಾನು ಹೇಳುತ್ತಿಲ್ಲ. ಅಲಾಸ್ಕ ನಮ್ಮ ಕರ್ನಾಟಕದ ಸುಮಾರು ಒಂಬತ್ತರಷ್ಟು ದೊಡ್ಡದು. ಇಲ್ಲಿರುವ ಜನ ಏಳೂವರೆ ಲಕ್ಷ ಕೂಡ ಇಲ್ಲ, ಮೂಸ್ ಒಂದೂಮುಕ್ಕಾಲು ಲಕ್ಷದಿಂದ ಎರಡು ಲಕ್ಷ. ಕರ್ನಾಟಕದಲ್ಲಿ 2011ರ ಗಣತಿಯಲ್ಲೇ ಆರು ಕೋಟಿ ದಾಟಿದ್ದೆವು. ಉಳಿದಿರುವ ಚೂರು ಕಾಡಿನಲ್ಲಿ ಆನೆಗೇ ಜಾಗ ಸಾಲದೆ ತೋಟಕ್ಕೆ ಬರುತ್ತಿವೆ. ನಮ್ಮಲ್ಲಿ ಬೇಟೆ ನಿಂತದ್ದು ಸರಿಯೇ. ಪಾಲು ಹಾಕುವ ಕೈ ಕೂಡ ಅದರ ಜೊತೆ ನಿಂತುಹೋಗಬೇಕಿರಲಿಲ್ಲ.

ಅಣ್ಣನಿಗೆ ಪಟ್ಟಿ ತಿದ್ದಿ ಕಳಿಸಿದೆ. ಮಾಂಸದ ಖರ್ಚುಗಳನ್ನು ಮೇಲೆ ಹಾಕಿದೆ: ಮಾಂಸಕ್ಕೆಂದೇ ಹೆಚ್ಚುವರಿ ವಿಮಾನ, ಬಟ್ಟೆ ಚೀಲ, ಕತ್ತರಿಸಿ ಪೊಟ್ಟಣ ಕಟ್ಟುವವರ ಕೂಲಿ, ಫ್ರೀಜರ್. ಇವುಗಳಲ್ಲಿ ಯಾವುದು ಗೈಡ್‌ನ ದರದಲ್ಲೇ ಸೇರಿದೆ, ಯಾವುದು ಬೇರೆ ಅಂತ ಮುಂಗಡ ಕೊಡುವ ಮೊದಲೇ ಬರವಣಿಗೆಯಲ್ಲಿ ಕೇಳಬೇಕು. ಅನುಮತಿ ಇಲ್ಲದೆ ಮಾಂಸ ಊರಿಗೆ ಒಯ್ಯಲಾಗದು, ಹಾಗಾಗಿ ಇಲ್ಲಿ ಯಾರ್ಯಾರಿಗೆ ಎಷ್ಟು ಅನ್ನುವುದನ್ನೂ ಬರೆದೆ. ಕೊನೆಗೆ ನನ್ನ ಅಭಿಪ್ರಾಯವನ್ನೂ ಹೇಳಿದೆ. "ಟ್ಯಾಗ್ ತಗೋಬೇಡ, ಗೈಡ್ ಬೇಡ. ಸೆಪ್ಟೆಂಬರ್‌ನಲ್ಲಿ ಸುಮ್ನೆ ಬಾ. ಪಕ್ಕದ ಮನೆಯವರು ಹೋಗುವಾಗ ಜೊತೆಗೆ ಹೋಗು. ಅವರು ಹೊಡೆದರೆ ನೀನು ಹೊರು. ಟಿಕೆಟ್, ಒಳ್ಳೆ ಬೂಟು, ಅಷ್ಟೇ ಖರ್ಚು." ಮೇಷ್ಟ್ರನ್ನು ಮೊದಲೇ ಕೇಳಿದ್ದೆ, ಸಂತೋಷದಿಂದ ಒಪ್ಪಿದ್ದರು.

ಮೊನ್ನೆ ಅಣ್ಣನೇ ಫೋನ್ ಮಾಡಿದ. "ಬರೀ ಹೊರೋಕೆ ಅಷ್ಟು ದೂರ ಬರೋದಾ ಪುಟ್ಟಿ?" ಅಂದ. ಹೌದು ಅಂದೆ. ಸ್ವಲ್ಪ ಹೊತ್ತು ತೋಟದ ಮಾತು, ಮಳೆಯ ಮಾತು ಆಡಿ, ಮಗಳಿಗೆ ಕೊಡು ಅಂದ. ಅವಳು ಒಂದು ತೊಡೆ ಎಷ್ಟು ಭಾರ, ಹೊರೆಯ ಪಟ್ಟಿ ಸೊಂಟಕ್ಕೆ ಹೇಗೆ ಬಿಗಿಯಬೇಕು ಅಂತೆಲ್ಲ ಅವನಿಗೆ ವಿವರವಾಗಿ ಹೇಳಿದಳು. ಅವನು ಒಂದೊಂದೇ ಪ್ರಶ್ನೆ ಕೇಳುತ್ತಾ ಕೂತ.

ಅವನಿನ್ನೂ ಬರುತ್ತೇನೆ ಅಂದಿಲ್ಲ. ಗೈಡ್‌ಗೆ ಮುಂಗಡವನ್ನೂ ಕಳಿಸಿಲ್ಲ. ಬರುವುದಾದರೆ ಅತ್ತಿಗೆಯನ್ನು ಬಿಟ್ಟು ಬರಬೇಡ ಅಂದಿದ್ದೇನೆ. ಊರಲ್ಲಿ ಹಬ್ಬಕ್ಕೆ ಹಂದಿ ಹೆಚ್ಚುವಾಗ ಅವಳ ಕತ್ತಿ ಓಡುವುದನ್ನು ನೋಡಿದವಳು ನಾನು. ಆ ಗ್ಯಾರೇಜಿನ ಮೇಜಿನ ಹತ್ತಿರ ಅಂಥವರು ಒಬ್ಬರು ಬೇಕು. ಸೆಪ್ಟೆಂಬರ್‌ಗೆ ಬರಬೇಕಾದರೆ ಇಬ್ಬರಿಗೂ ವೀಸಾಕ್ಕೆ ಈಗಲೇ ಅರ್ಜಿ ಹಾಕಬೇಕು.