ಆಟಿಯ ಮಳೆಯಲ್ಲಿ ಕಾವುಪೆಟ್ಟಿಗೆ

ಪೆರ್ಲದ ಸಮೀಪದ ನಮ್ಮ ಮನೆಯಲ್ಲಿ, ಕಳೆದ ವರ್ಷ ಆಟಿ ತಿಂಗಳಲ್ಲಿ (ತುಳುವರ ಮಳೆಗಾಲದ ತಿಂಗಳು) ಇನ್‌ಕ್ಯುಬೇಟರಿನೊಳಗೆ, ಅಂದರೆ ಮೊಟ್ಟೆಗಳಿಗೆ ಕಾವು ಕೊಡುವ ಕರೆಂಟಿನ ಪೆಟ್ಟಿಗೆಯೊಳಗೆ, ಇಟ್ಟ ಊರಕೋಳಿಯ 12 ಮೊಟ್ಟೆಗಳಲ್ಲಿ ಮರಿಯಾದದ್ದು ನಾಲ್ಕು ಮಾತ್ರ. ಉಳಿದವನ್ನು ಒಡೆದು ನೋಡಿದಾಗ ಐದರಲ್ಲಿ ಪೂರ್ತಿ ಬೆಳೆದ ಮರಿಗಳೇ ಸತ್ತಿದ್ದವು. ಪುಕ್ಕವೆಲ್ಲ ಲೋಳೆಯಲ್ಲಿ ತೊಯ್ದು ಹೋಗಿತ್ತು. ಆ ನೋಟವನ್ನು ನಾನು ಬಹಳ ದಿನ ಮರೆಯಲಿಲ್ಲ.

ಪೆಟ್ಟಿಗೆಯೊಳಗೆ ತೇವಾಂಶಕ್ಕಾಗಿ ಇರುವ ತಟ್ಟೆಗೆ ಮೊದಲ ದಿನದಿಂದಲೇ ನೀರು ಹೊಯ್ದದ್ದು ನನ್ನ ತಪ್ಪು. ಮೊಟ್ಟೆಯ ಅಗಲ ತುದಿಯಲ್ಲಿ ಒಂದು ಗಾಳಿಗೂಡು ಇರುತ್ತದೆ. ಒಳಗಿನ ನೀರಿನಂಶ ಚಿಪ್ಪಿನ ಸಣ್ಣ ರಂಧ್ರಗಳ ಮೂಲಕ ಆರುತ್ತ ಹೋದಂತೆ ಅದು ದೊಡ್ಡದಾಗಬೇಕು. ಮರಿಯು ಚಿಪ್ಪು ಒಡೆಯುವುದಕ್ಕೆ ಮೊದಲು ಅದರೊಳಕ್ಕೆ ಕೊಕ್ಕು ಚಾಚಿ ಮೊದಲ ಉಸಿರೆಳೆಯುತ್ತದೆ. ಹೊರಗೆ ಎಡೆಬಿಡದ ಮಳೆ, ಒಳಗೆ ತುಂಬಿದ ತಟ್ಟೆ ಇದ್ದ ಮೇಲೆ ಆ ಗೂಡು ಬೆಳೆಯುವುದಾದರೂ ಹೇಗೆ?

ಈ ವರ್ಷದ ಆಟಿಯಲ್ಲಿ ಕಾವಿಗೆ ಕೂತಿದ್ದ ಹೇಂಟೆಯನ್ನು ಕಾಡುಬೆಕ್ಕು ಒಯ್ದಾಗ ಮತ್ತೆ ಪೆಟ್ಟಿಗೆಯನ್ನು ಕೆಳಗಿಳಿಸಿದೆ. ಹೊಸದಾಗಿ ಕೂಡಿಟ್ಟ 12 ಮೊಟ್ಟೆಗಳನ್ನಿಟ್ಟು, ಉಷ್ಣತೆಯನ್ನು 37.6 ಡಿಗ್ರಿಗೆ ನಿಲ್ಲಿಸಿ, ತಟ್ಟೆಯನ್ನು ಒಣಗಿಸಿಯೇ ಬಿಟ್ಟೆ. ಮಳೆಗಾಲದ ಗಾಳಿಯಿಂದಲೇ ತೇವಾಂಶ ಶೇಕಡಾ 45ರಿಂದ 50ರ ನಡುವೆ ನಿಂತಿತು. ದಿನಕ್ಕೆ ಮೂರು ಬಾರಿ ಮೊಟ್ಟೆಗಳನ್ನು ಹೊರಳಿಸಿದೆ. ಏಳನೆಯ ರಾತ್ರಿ ಟಾರ್ಚಿನ ಬೆಳಕಿಗೆ ಹಿಡಿದಾಗ ಹತ್ತರಲ್ಲಿ ಜೇಡರ ಬಲೆಯಂತೆ ಕೆಂಪು ನರಗಳು ಹರಡಿದ್ದವು. ಬಂಜೆಯಾಗಿದ್ದ ಎರಡನ್ನು ತೆಗೆದೆ. 18ನೆಯ ದಿನ ಗಾಳಿಗೂಡಿನ ಅಂಚಿಗೆ ಪೆನ್ಸಿಲಿನಿಂದ ಗೆರೆ ಎಳೆದು, ಹೊರಳಿಸುವುದನ್ನು ನಿಲ್ಲಿಸಿ, ಆಗ ಮಾತ್ರ ತಟ್ಟೆಗೆ ಬೆಚ್ಚನೆಯ ನೀರು ಹಾಕಿದೆ.

ಇಪ್ಪತ್ತನೆಯ ಸಂಜೆ ಚಿಪ್ಪಿನೊಳಗಿಂದ ಕೀಚಲು ದನಿ ಕೇಳಿಸಿತು. ರಾತ್ರಿ ಒಂಬತ್ತಕ್ಕೆ ಗಾಳಿಮಳೆ ಎದ್ದು ಕರೆಂಟು ಹೋಯಿತು. ಮಾಪಕ 37ರಿಂದ 35ಕ್ಕೆ, ಅಲ್ಲಿಂದ 34ಕ್ಕೆ ಇಳಿಯುತ್ತಿದ್ದಾಗ ನನ್ನ ಕೈ ನಡುಗುತ್ತಿತ್ತು. ಅಮ್ಮ ಬಚ್ಚಲ ಹಂಡೆಯ ಬಿಸಿನೀರನ್ನು ಬಾಟಲಿಗಳಿಗೆ ತುಂಬಿ, ಹಳೆಯ ಪಂಚೆಯಲ್ಲಿ ಸುತ್ತಿ ಕೊಟ್ಟರು. ಅವನ್ನು ಪೆಟ್ಟಿಗೆಯ ಮೂಲೆಗಳಲ್ಲಿಟ್ಟು, ಗಾಳಿಯ ತೂತುಗಳನ್ನು ಬಿಟ್ಟು ಮೇಲೆ ಕಂಬಳಿ ಹೊದಿಸಿದೆವು. ಕರೆಂಟು ಬರುವಾಗ ಬೆಳಗಿನ ಜಾವ ಮೂರೂವರೆ; ಅಲ್ಲಿಯವರೆಗೂ ಬಾಟಲಿಗಳನ್ನು ಬದಲಿಸುತ್ತಲೇ ಇದ್ದೆವು.

ಮರುದಿನ ಮಧ್ಯಾಹ್ನದೊಳಗೆ ಎಂಟು ಮರಿಗಳು ಹೊರಬಂದವು. ಒಂಬತ್ತನೆಯದು ಮಾತ್ರ ಅಕ್ಕಿಕಾಳಿನಷ್ಟು ತೂತು ಮಾಡಿ ಸುಮ್ಮನಾಗಿತ್ತು. ಚಿಪ್ಪನ್ನು ಬಿಡಿಸಲು ಕೈ ಹಾಕಿದಾಗ, “ಮುಟ್ಟಬೇಡ ಮಗಾ, ಅದಕ್ಕೆ ಹೊತ್ತು ಬೇಕು” ಎಂದು ಅಮ್ಮ ತಡೆದರು. ಅವರ ಮಾತು ಸರಿಯಾಗಿತ್ತು: ಪೊರೆಯ ನರಗಳಲ್ಲಿ ಆಗ ಇನ್ನೂ ರಕ್ತವಿರುತ್ತದೆ, ಉಳಿದ ಹಳದಿ ಭಾಗವೂ ಹೊಟ್ಟೆಯೊಳಗೆ ಸೇರುತ್ತಿರುತ್ತದೆ. ಅವಸರದಿಂದ ಕಿತ್ತರೆ ಮರಿ ರಕ್ತ ಹರಿದು ಸಾಯಬಹುದು.

22ನೆಯ ದಿನ ಬೆಳಿಗ್ಗೆ ಅದು ತಾನಾಗಿಯೇ ಸುತ್ತಲೂ ಒಡೆದುಕೊಂಡು ಬಂತು. ಹತ್ತನೆಯ ಮೊಟ್ಟೆ ಒಡೆಯಲೇ ಇಲ್ಲ. ಮೈ ಒಣಗಿದ ಒಂಬತ್ತನೆಯ ಮರಿಯನ್ನು ಬಲ್ಬಿನ ಬೆಚ್ಚಗೆ ಸೇರಿಸಿ ಅದರ ಚಿಪ್ಪನ್ನು ಕೈಗೆತ್ತಿಕೊಂಡೆ. ಪೆನ್ಸಿಲಿನ ಗೆರೆ ಇನ್ನೂ ಅಳಿಸಿರಲಿಲ್ಲ. ಮರಿಯ ಕೊಕ್ಕು ಕೊರೆದ ಅಂಚು ಹೆಚ್ಚುಕಡಿಮೆ ಅದರ ಪಕ್ಕದಲ್ಲೇ ಸಾಗಿತ್ತು.