ಯಾರ್ಕಿ ಮರಿ ತರುವವರು "ಎಷ್ಟು ಸಣ್ಣದು ಉಂಟು" ಅಂತ ಕೇಳಬೇಡಿ

ಹೋದ ತಿಂಗಳು ಪೆರ್ಲದಿಂದ ಅಕ್ಕನ ಮಗಳು ಫೋನ್ ಮಾಡಿದ್ದಳು. ಅವಳಿಗೆ ಯಾರ್ಕ್‌ಶೈರ್ ಟೆರಿಯರ್, ಅಂದರೆ ಎಲ್ಲರೂ ಯಾರ್ಕಿ ಅನ್ನುವ ಸಣ್ಣ ಜಾತಿಯ ನಾಯಿಯ ಮರಿ ಬೇಕಂತೆ. "ಚಿಕ್ಕಮ್ಮ, ಟೀಕಪ್ ಅಂತ ಒಂದು ಉಂಟಂತೆ. ದೊಡ್ಡದಾದ ಮೇಲೂ ಒಂದೂವರೆ ಕಿಲೋ ದಾಟುವುದಿಲ್ಲವಂತೆ. ಅದನ್ನೇ ತರಲಾ?" ಅಂತ ಕೇಳಿದಳು. ಮುಕ್ಕಾಲು ಗಂಟೆ ಮಾತಾಡಿದೆವು. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ, ಯಾಕೆಂದರೆ ನಮ್ಮ ಮನೆಯ ನಾಯಿ ನೋಡಿ ಮರಿ ತರಬೇಕು ಅಂತ ಆಸೆಪಡುವವರೆಲ್ಲ ಮೊದಲು ಕೇಳುವುದು ಇದನ್ನೇ.

ದೊಡ್ಡದಾದ ಮೇಲೆ ಎಷ್ಟು ತೂಗುತ್ತದೆ ಅನ್ನುವುದು ಮುಖ್ಯವಾ? ಮುಖ್ಯ. ಆದರೆ ನಾವು ಹೆದರುವುದು ಉಲ್ಟಾ. "ಅಯ್ಯೋ, ನಾಲ್ಕು ಕಿಲೋ ಆಗಿಬಿಟ್ಟರೆ?" ಅಂತ ಹೆದರುತ್ತೇವೆ. ನಾಲ್ಕು ಕಿಲೋ ಆದರೆ ಏನೂ ಆಗುವುದಿಲ್ಲ. ಒಂದೂವರೆ ಕಿಲೋದಲ್ಲೇ ನಿಂತರೆ ಹೆದರಬೇಕು.

ನಾನು ಮೊದಲು ತಂದದ್ದು ಪುಟ್ಟಿಯನ್ನು. ಮಂಗಳೂರಿನ ಕಡೆ ಒಬ್ಬರು ಮಾರುತ್ತಿದ್ದರು. ನಾಲ್ಕು ಮರಿಗಳಲ್ಲಿ ಇವಳೇ ಎಲ್ಲಕ್ಕಿಂತ ಸಣ್ಣವಳು, ಅದಕ್ಕೇ ರೇಟೂ ಜಾಸ್ತಿ. ಅಂಗೈಯಲ್ಲಿ ಕೂರುತ್ತಿದ್ದಳು. ನೋಡಿದವರೆಲ್ಲ ಎತ್ತಿ ಮುದ್ದು ಮಾಡುವವರೇ. ಹನ್ನೊಂದು ವಾರಕ್ಕೆ ಅಡಿಗೆಮನೆಯ ತಕ್ಕಡಿಯಲ್ಲಿ ಇಟ್ಟಾಗ 550 ಗ್ರಾಂ.

ಜುಲೈ ತಿಂಗಳು. ನಮ್ಮ ಕಡೆಯ ಜುಲೈ ಗೊತ್ತಲ್ಲ, ಮೂರು ದಿನ ಬಿಡದೆ ಮಳೆ, ಕರೆಂಟಿಲ್ಲ. ಗುಡುಗಿಗೆ ಹೆದರಿ ಪುಟ್ಟಿ ರಾತ್ರಿ ಊಟ ಮುಟ್ಟಲಿಲ್ಲ. ಬೆಳಿಗ್ಗೆ ತಿಂದಾಳು ಅಂತ ನಾನೂ ಸುಮ್ಮನಾದೆ. ಬೆಳಗ್ಗೆ ಐದೂವರೆಗೆ ಎದ್ದು ಟಾರ್ಚ್ ಹಾಕಿ ನೋಡಿದರೆ ಬುಟ್ಟಿಯಲ್ಲಿ ಒಂದು ಮಗ್ಗುಲಿಗೆ ಬಿದ್ದಿದ್ದಳು. ಕಿವಿ ತಣ್ಣಗೆ. ಕಾಲು ಸಣ್ಣಗೆ ಅದುರುತ್ತಿತ್ತು. ತುಟಿ ಎತ್ತಿ ನೋಡಿದೆ, ವಸಡು ತೊಳೆದ ಬಟ್ಟೆಯ ಹಾಗೆ ಬೆಳ್ಳಗಿತ್ತು. ಡಾಕ್ಟರಿಗೆ ಫೋನ್ ಮಾಡಿದೆ. "ಬಾಯಿಗೆ ಏನೂ ಹೊಯ್ಯಬೇಡಿ, ಶ್ವಾಸಕ್ಕೆ ಹೋಗುತ್ತದೆ. ಬೆರಳಲ್ಲಿ ಜೇನುತುಪ್ಪ ತಗೊಂಡು ವಸಡಿಗೆ ಉಜ್ಜಿ, ಬೆಚ್ಚಗೆ ಸುತ್ತಿ ಕರ್ಕೊಂಡು ಬನ್ನಿ" ಅಂದರು. ಉಜ್ಜಿದೆ. ಐದು ನಿಮಿಷ ಏನೂ ಇಲ್ಲ. ಮತ್ತೆ ನಾಲಿಗೆ ಒಂದು ಸಲ ಆಡಿತು, ನನ್ನ ಬೆರಳನ್ನು ನೆಕ್ಕಿದಳು. ಆ ಬೆರಳಿನ ಮೇಲಿನ ಒರಟು ಸ್ಪರ್ಶ ನನಗೆ ಇವತ್ತಿಗೂ ನೆನಪಿದೆ.

ಅದು ರಕ್ತದಲ್ಲಿ ಸಕ್ಕರೆ ಇಳಿದದ್ದು. ದೊಡ್ಡ ನಾಯಿ ಒಂದು ಹೊತ್ತು ಉಣ್ಣದಿದ್ದರೆ ಲಿವರಿನಲ್ಲಿ ಕೂಡಿಟ್ಟ ಸಕ್ಕರೆ ಉಪಯೋಗಕ್ಕೆ ಬರುತ್ತದೆ. ಅರ್ಧ ಕಿಲೋ ಮರಿಯ ಹತ್ತಿರ ಕೂಡಿಟ್ಟದ್ದು ಎಷ್ಟಿದ್ದೀತು? ಕೆಲವೇ ಗಂಟೆಯಲ್ಲಿ ಖಾಲಿ. ಮರಿ ಸಣ್ಣದಾದಷ್ಟೂ ಈ ಅಪಾಯ ಜಾಸ್ತಿ. ಅದಕ್ಕೇ ಯಾರ್ಕಿ ಮರಿಗೆ ಮೂರು ನಾಲ್ಕು ತಿಂಗಳವರೆಗೆ ದಿನಕ್ಕೆ ನಾಲ್ಕು ಸಲವಾದರೂ ತಿನ್ನಿಸಬೇಕು, ಮನೆಯಲ್ಲಿ ಜೇನು ಅಥವಾ ಗ್ಲೂಕೋಸ್ ಪುಡಿ ಯಾವಾಗಲೂ ಇರಬೇಕು.

ಪುಟ್ಟಿ ಆ ದಿನ ಉಳಿದಳು. ಆದರೆ ಬೆಳೆಯಲೇ ಇಲ್ಲ. ಒಂದು ವರ್ಷಕ್ಕೆ 1.3 ಕಿಲೋ. ಊಟವಾದ ಮೇಲೆ ಮಂಕಾಗಿ ಗೋಡೆಗೆ ತಲೆ ಒತ್ತಿ ನಿಲ್ಲುತ್ತಿದ್ದಳು. ನಾವು ಅದನ್ನು ನಿದ್ದೆ ಅಂದುಕೊಂಡೆವು. ಕೊನೆಗೆ ರಕ್ತ ಪರೀಕ್ಷೆ, ಸ್ಕ್ಯಾನಿಂಗ್ ಎಲ್ಲ ಆದ ಮೇಲೆ ಗೊತ್ತಾಯಿತು: ಹೊಟ್ಟೆಯಿಂದ ಲಿವರಿಗೆ ಹೋಗಬೇಕಾದ ರಕ್ತ ಹುಟ್ಟಿದಾಗಿನಿಂದಲೇ ಒಂದು ಅಡ್ಡದಾರಿ ಹಿಡಿದು ಲಿವರನ್ನು ಬಿಟ್ಟು ಹೋಗುತ್ತಿತ್ತು. ಡಾಕ್ಟರು ಇದನ್ನು ಲಿವರ್ ಶಂಟ್ ಅನ್ನುತ್ತಾರೆ. ಯಾರ್ಕಿಗಳಲ್ಲಿ ಬೇರೆ ಜಾತಿಗಳಿಗಿಂತ ಜಾಸ್ತಿ ಕಾಣುವ ತೊಂದರೆ ಇದು. ಹೀಗೆ ಹುಟ್ಟಿದ ಮರಿ ಹೆಚ್ಚಾಗಿ ಸರಿಯಾಗಿ ಬೆಳೆಯುವುದಿಲ್ಲ. ಎರಡು ವರ್ಷ ತುಂಬುವ ಮೊದಲೇ ಪುಟ್ಟಿ ಹೋದಳು. ತೋಟದ ಬದಿಯಲ್ಲಿ, ಪೇರಳೆ ಮರದ ಬುಡದಲ್ಲಿ ಮಣ್ಣು ಮಾಡಿದ್ದೇವೆ.

ನನಗೆ ತಡೆಯಲಾಗದೆ ಹೋದದ್ದು ಇದು: ಎಷ್ಟು ಚಂದ, ಎಷ್ಟು ಸಣ್ಣ ಅಂತ ನಾವು ಮುದ್ದು ಮಾಡಿ ಜಾಸ್ತಿ ದುಡ್ಡು ಕೊಟ್ಟು ತಂದೆವಲ್ಲ, ಆ ಸಣ್ಣತನವೇ ಅವಳ ಕಾಯಿಲೆಯಾಗಿತ್ತು.

ಸಣ್ಣದೆಲ್ಲ ಕಾಯಿಲೆಯದ್ದು ಅಂತ ಹೇಳುತ್ತಿಲ್ಲ. ಅಕ್ಕನ ಮಗಳೂ ಅದನ್ನೇ ಹಿಡಿದಳು, "ಸ್ಮೋಕಿ 1.8 ಕಿಲೋ ಇತ್ತಲ್ಲ ಚಿಕ್ಕಮ್ಮ" ಅಂದಳು. ನಿಜ. 1944ರಲ್ಲಿ ನ್ಯೂಗಿನಿಯ ಕಾಡಿನಲ್ಲಿ ಅಮೆರಿಕದ ಸೈನಿಕರಿಗೆ ಸಿಕ್ಕಿದ ಯಾರ್ಕಿ ಅದು. ಫಿಲಿಪ್ಪೀನ್ಸ್‌ನಲ್ಲಿ ವಿಮಾನದ ರನ್‌ವೇ ಅಡಿಯ 70 ಅಡಿ ಉದ್ದದ ಪೈಪಿನೊಳಗೆ ಟೆಲಿಫೋನ್ ತಂತಿ ಎಳೆದುಕೊಂಡು ಹೋಯಿತು. ತಾನಾಗಿ ಸಣ್ಣದಾಗಿ, ಗಟ್ಟಿಮುಟ್ಟಾಗಿ ಬೆಳೆದ ನಾಯಿ. ಆದರೆ ಎಂಟು ವಾರದ ಮರಿಯನ್ನು ಕೈಯಲ್ಲಿ ಹಿಡಿದು ಇದು ಸ್ಮೋಕಿಯಾ, ನಮ್ಮ ಪುಟ್ಟಿಯಾ ಅಂತ ನೀವು ಹೇಗೆ ಹೇಳುತ್ತೀರಿ?

ಮತ್ತೆ ಟೀಕಪ್ ಅಂತ ಒಂದು ಜಾತಿಯೇ ಇಲ್ಲ. ಅದು ಮಾರುವವರು ಇಟ್ಟ ಹೆಸರು. ನಾಯಿ ಜಾತಿಗಳ ಲಕ್ಷಣ ಗೊತ್ತುಮಾಡುವ ಕೆನಲ್ ಕ್ಲಬ್ಬುಗಳ ನಿಯಮದಲ್ಲಿ ಇರುವುದು ಒಂದೇ ಯಾರ್ಕ್‌ಶೈರ್ ಟೆರಿಯರ್, ತೂಕ 3.2 ಕಿಲೋವರೆಗೆ, ಅಂದರೆ 7 ಪೌಂಡ್. ಆ ಮಿತಿಯೂ ನಾಯಿಗಳ ಶೋಗೆ ಕರೆದುಕೊಂಡು ಹೋಗುವವರಿಗೆ. ಮನೆಯಲ್ಲಿ ಸಾಕುವ ಯಾರ್ಕಿಗಳು ಎಷ್ಟೋ ನಾಲ್ಕು ಕಿಲೋ, ಐದು ಕಿಲೋ ಇರುತ್ತವೆ, ಆರಾಮಾಗಿ ಇರುತ್ತವೆ. ಈ ಜಾತಿಯ ಮೂಲಪುರುಷ ಅಂತ ಹೇಳುವ ಹಡರ್ಸ್‌ಫೀಲ್ಡ್ ಬೆನ್ 1865ರಲ್ಲಿ ಹುಟ್ಟಿದ ನಾಯಿ, ಅದೇ ಸುಮಾರು 5 ಕಿಲೋ ತೂಗುತ್ತಿತ್ತು. ಇಂಗ್ಲೆಂಡಿನ ಉತ್ತರದಲ್ಲಿ ಬಟ್ಟೆ ಮಿಲ್ಲುಗಳಲ್ಲಿ ಇಲಿ ಹಿಡಿಯಲು ಸಾಕಿದ ನಾಯಿಗಳಿಂದ ಬಂದ ಜಾತಿ ಅಲ್ವಾ, ಇಲಿ ಹಿಡಿಯುವ ನಾಯಿಗೆ ಸ್ವಲ್ಪ ಮೈಯಾದರೂ ಬೇಕು. ನಮ್ಮ ಈಗಿನ ಕರಿಯ 3.6 ಕಿಲೋ. ಅಡಿಕೆ ಸುಲಿಯುವ ಕೊಟ್ಟಿಗೆಯಲ್ಲಿ ಹೆಗ್ಗಣದ ವಾಸನೆ ಸಿಕ್ಕಿದರೆ ಅವನನ್ನು ಹಿಡಿದು ನಿಲ್ಲಿಸುವುದೇ ಕಷ್ಟ.

(ಕರಿಯ ಅಂತ ಹೆಸರು ಯಾಕೆಂದರೆ ತಂದಾಗ ಪೂರ್ತಿ ಕಪ್ಪು, ಮುಖ ಕಾಲು ಮಾತ್ರ ಕಂದು. ಯಾರ್ಕಿ ಮರಿಗಳೆಲ್ಲ ಹಾಗೇ ಹುಟ್ಟುವುದು. ಎರಡು ವರ್ಷಕ್ಕೆ ಬೆನ್ನು ಸ್ಟೀಲ್ ಬಣ್ಣಕ್ಕೆ ತಿರುಗಿತು, ಹೆಸರು ಉಳಿಯಿತು. ಮರಿ ಕಪ್ಪಗಿದೆ ಅಂತ ಮೋಸ ಹೋದೆವು ಅಂದುಕೊಳ್ಳಬೇಡಿ.)

"ಇದು ಇಷ್ಟೇ ಆಗುತ್ತದೆ" ಅಂತ ಮಾರುವವರು ಕೊಡುವ ಮಾತನ್ನು ನಂಬಬೇಡಿ. ಮೂರು ತಿಂಗಳಿಗೆ ಇದ್ದ ತೂಕದ ಎರಡರಷ್ಟು ಅಂತ ಒಂದು ಅಂದಾಜಿನ ಲೆಕ್ಕ ಉಂಟು, ಅದೂ ಎಷ್ಟೋ ಸಲ ತಪ್ಪುತ್ತದೆ. ತಾಯಿಯನ್ನು ನೋಡುವುದೇ ಮೇಲು. ಸಾಧ್ಯವಾದರೆ ಅಪ್ಪನನ್ನೂ. ತಾಯಿಯನ್ನು ತೋರಿಸುವುದಿಲ್ಲ ಅಂದರೆ ಅಲ್ಲಿಂದ ಎದ್ದು ಬನ್ನಿ. ತಾಯಿ ಒಂದೂವರೆ ಕಿಲೋ ಅಂತ ಹೆಮ್ಮೆಯಿಂದ ತೋರಿಸಿದರೂ ಎದ್ದು ಬನ್ನಿ, ಯಾಕೆಂದರೆ ಅಷ್ಟು ಸಣ್ಣ ಮೈಯ ಹೆಣ್ಣಿಗೆ ಹೆರಿಗೆ ತುಂಬಾ ಕಷ್ಟ, ಎಷ್ಟೋ ಸಲ ಆಪರೇಷನ್ನೇ ಮಾಡಬೇಕಾಗುತ್ತದೆ, ನಾಯಿಯ ಮೇಲೆ ಪ್ರೀತಿ ಇರುವವರು ಅದಕ್ಕೆ ಮರಿ ಹಾಕಿಸುವುದಿಲ್ಲ. ಇನ್ನೊಂದು, ಮರಿ ಸಣ್ಣ ಕಾಣಲಿ ಅಂತ ಐದು ಆರು ವಾರಕ್ಕೇ ತಾಯಿಯಿಂದ ಬಿಡಿಸಿ ಮಾರುವುದೂ ಉಂಟು. ನಮ್ಮ ದೇಶದಲ್ಲಿ 2017ರ ನಿಯಮದ ಪ್ರಕಾರ ಎಂಟು ವಾರ ಆಗದ ಮರಿಯನ್ನು ಮಾರುವ ಹಾಗಿಲ್ಲ. ಯಾರ್ಕಿಯಂಥ ಸಣ್ಣ ಜಾತಿಗೆ ಹನ್ನೆರಡು ವಾರ ತಾಯಿಯ ಹತ್ತಿರ ಇದ್ದರೆ ಇನ್ನೂ ಒಳ್ಳೆಯದು.

ನಮ್ಮ ಮನೆಗಳನ್ನೂ ನೋಡಿಕೊಳ್ಳಬೇಕಲ್ಲ. ಫ್ಲ್ಯಾಟಿನ ನುಣುಪು ನೆಲ ಬೇರೆ, ನಮ್ಮ ಜಗಲಿ, ಮುರಕಲ್ಲಿನ ಮೆಟ್ಟಿಲು, ಅಂಗಳ, ಆಚೆಗೆ ಗುಡ್ಡೆ, ಇದು ಬೇರೆ. ಎರಡಡಿ ಎತ್ತರದ ಜಗಲಿಯಿಂದ ಒಂದೂವರೆ ಕಿಲೋ ನಾಯಿ ಹಾರಿದರೆ ಮುಂಗಾಲಿನ ಎಲುಬು ಪೆನ್ಸಿಲ್ಲಿನ ಹಾಗೆ ಮುರಿಯುತ್ತದೆ. ಈ ಸಣ್ಣ ಜಾತಿಗಳಲ್ಲಿ ಆ ಜಾಗಕ್ಕೆ ರಕ್ತ ಹೋಗುವುದು ಕಡಿಮೆ, ಕೂಡಿಕೊಳ್ಳುವುದೂ ನಿಧಾನ. ಕೋಳಿಮರಿ ಎತ್ತುವ ಗಿಡುಗ ಮೇಲೆ ಸುತ್ತುವಾಗ, ಬೀದಿನಾಯಿಗಳು ಗೇಟಿನ ಹತ್ತಿರ ನಿಂತಿರುವಾಗ ಪುಟ್ಟಿಯನ್ನು ಒಂದು ನಿಮಿಷ ಕೆಳಗೆ ಬಿಡಲು ನಮಗೆ ಧೈರ್ಯ ಬರುತ್ತಿರಲಿಲ್ಲ. ಪಾಪ, ಅಂಗಳದ ಬಿಸಿಲಲ್ಲಿ ಉರುಳಾಡುವ ಸುಖವೇ ಅವಳಿಗೆ ಸಿಗಲಿಲ್ಲ. ಹಲ್ಲಿನದ್ದೂ ಹಾಗೇ. ಯಾರ್ಕಿಗಳಿಗೆ ಹಾಲುಹಲ್ಲು ಬೀಳದೆ ಉಳಿಯುವುದು ಮಾಮೂಲು, ಕೀಳಿಸಲು ಅರಿವಳಿಕೆ ಕೊಡಬೇಕು, ತೀರಾ ಸಣ್ಣ ನಾಯಿಯಾದರೆ ಆಗ ಮೈ ಬೇಗ ತಣ್ಣಗಾಗುತ್ತದೆ, ಸಕ್ಕರೆ ಇಳಿಯುತ್ತದೆ.

ದೊಡ್ಡ ಯಾರ್ಕಿಗೆ ಕಾಯಿಲೆಯೇ ಇಲ್ಲ ಅಂತಲ್ಲ. ಮಂಡಿಚಿಪ್ಪು ಜಾರುವುದು, ಗಂಟಲಿನ ಶ್ವಾಸನಾಳ ಮೆತ್ತಗಾಗಿ ಹೆಬ್ಬಾತಿನ ಕೂಗಿನ ಹಾಗೆ ಕೆಮ್ಮುವುದು ಕರಿಯನಿಗೂ ಬರಬಹುದು. ಅದಕ್ಕೇ ಅವನ ಕುತ್ತಿಗೆಗೆ ಬೆಲ್ಟ್ ಕಟ್ಟುವುದಿಲ್ಲ, ಎದೆಗೆ ಹಾಕುವ ಪಟ್ಟಿ ಮಾತ್ರ. ಮಳೆಗಾಲದಲ್ಲಿ ಉಣ್ಣಿ ಹೆಕ್ಕುವುದು ದಿನದ ಕೆಲಸ, ಉದ್ದ ಕೂದಲು ಇಟ್ಟರೆ ಉಣ್ಣಿ ಕಾಣುವುದೇ ಇಲ್ಲ, ಆದ್ದರಿಂದ ಗಿಡ್ಡ ಕತ್ತರಿಸಿದ್ದೇವೆ.

ಅಕ್ಕನ ಮಗಳು ಮೊನ್ನೆ ಹೋಗಿ ನೋಡಿಕೊಂಡು ಬಂದಳು. ತಾಯಿ 3.1 ಕಿಲೋ, ತೂಕದ ಫೋಟೋ ಕಳಿಸಿದ್ದಾಳೆ. ಮೂರು ಮರಿಗಳಲ್ಲಿ ಎಲ್ಲರನ್ನೂ ತಳ್ಳಿಕೊಂಡು ಬಟ್ಟಲಿಗೆ ಮೊದಲು ಬಾಯಿ ಹಾಕಿದ ದೊಡ್ಡ ಮರಿಯನ್ನೇ ಹೇಳಿಟ್ಟು ಬಂದಿದ್ದಾಳೆ. ಮನೆಗೆ ಬರಲು ಇನ್ನೂ ನಾಲ್ಕು ವಾರ ಉಂಟು. ಜಗಲಿಗೆ ಒಂದು ಸಣ್ಣ ಮರದ ಮೆಟ್ಟಿಲು ಮಾಡಿಕೊಡಲು ಭಾವ ಆಚಾರಿಗೆ ಹೇಳಿದ್ದಾರಂತೆ.