ಮೂರು ಬೆರಳಿನ ಸಂದು

ಎರಡನೇ ಮಗು ಹುಟ್ಟಿ ನಾಲ್ಕು ವರ್ಷವಾದರೂ ನನ್ನ ಹೊಟ್ಟೆ ಇಳಿದಿರಲಿಲ್ಲ. ದಿನಾ ಬೆಳಗ್ಗೆ ಮಹಾರಾಜ ಪಾರ್ಕ್‌ನಲ್ಲಿ ನಡೆದೆ. ರಾತ್ರಿ ಮುದ್ದೆ ಬಿಟ್ಟೆ. ಕೈಕಾಲು ಸಣ್ಣಗಾದವು, ಮುಖ ಬತ್ತಿತು, ಹೊಟ್ಟೆ ಮಾತ್ರ ಹಾಗೇ. ಹಾಸನಾಂಬೆ ದರ್ಶನಕ್ಕೆ ಸಾಲಿನಲ್ಲಿ ನಿಂತಿದ್ದಾಗ ಹಿಂದಿದ್ದ ಅಜ್ಜಿಯೊಬ್ಬರು, "ಎಷ್ಟು ತಿಂಗಳವ್ವ? ಇಷ್ಟೊತ್ತು ನಿಂತ್ಕೋಬೇಡ, ಮುಂದಕ್ಕೆ ಹೋಗು" ಎಂದರು. ಪ್ರೀತಿಯಿಂದಲೇ ಹೇಳಿದ್ದು. ಮನೆಗೆ ಬಂದು ಬಾಗಿಲು ಹಾಕಿಕೊಂಡು ಅತ್ತುಬಿಟ್ಟೆ.

ಅದೇ ವಾರ ಲೈಪೋಸಕ್ಷನ್, ಅಂದರೆ ಕೊಳವೆ ಹಾಕಿ ಕೊಬ್ಬು ಎಳೆದು ತೆಗೆಯುವ ಆಪರೇಷನ್, ಮಾಡುವ ಬೆಂಗಳೂರಿನ ಒಂದು ಕ್ಲಿನಿಕ್‌ಗೆ ಫೋನ್ ಮಾಡಿದೆ. ಆ ಕಡೆಯ ಹುಡುಗಿ ನಯವಾಗಿ ಮಾತಾಡಿದಳು. ಬೆಳಗ್ಗೆ ಬಂದರೆ ಸಂಜೆ ರೈಲಿಗೇ ಹಾಸನಕ್ಕೆ ವಾಪಸ್ ಹೋಗಬಹುದಂತೆ. ಈ ತಿಂಗಳೊಳಗೆ ಅಡ್ವಾನ್ಸ್ ಕಟ್ಟಿದರೆ ಡಿಸ್ಕೌಂಟ್ ಅಂತೆ. ನನ್ನ ತೂಕ ಕೇಳಿದಳು. ಬಿಪಿ, ಶುಗರ್, ದಿನಾ ನುಂಗುವ ಮಾತ್ರೆ, ಹಿಂದೆ ಆಗಿದ್ದ ಎರಡು ಸಿಸೇರಿಯನ್, ಇದ್ಯಾವುದನ್ನೂ ಕೇಳಲಿಲ್ಲ. ನನಗೂ ಅದು ಹೊಳೆಯಲಿಲ್ಲ. ಚೀಟಿ ದುಡ್ಡು ತೆಗೆದಿಟ್ಟೆ.

ತಡೆದದ್ದು ಅಕ್ಕ. 2022ರ ಮೇ ತಿಂಗಳಲ್ಲಿ ಕೊಬ್ಬು ತೆಗೆಸಲು ಹೋಗಿ ಬೆಂಗಳೂರಿನಲ್ಲಿ ಒಬ್ಬಳು ಸೀರಿಯಲ್ ನಟಿ ತೀರಿಹೋಗಿದ್ದಳು. ಅವಳಿಗೆ 21 ವರ್ಷ. "ನೆನಪಿದ್ಯಾ ಆ ಮಗು?" ಎಂದಳು ಅಕ್ಕ. "ಮೊದಲು ಒಬ್ಬರು ಡಾಕ್ಟ್ರು ನಿನ್ನ ಹೊಟ್ಟೆ ಮುಟ್ಟಿ ನೋಡ್ಲಿ ಕಣೇ. ಆಮೇಲೆ ದುಡ್ಡು ಕಟ್ಟು."

ಹದಿನೈದು ದಿನಕ್ಕೊಮ್ಮೆ ಹಾಸನಕ್ಕೆ ಬರುವ ಪ್ಲಾಸ್ಟಿಕ್ ಸರ್ಜನ್ ಹತ್ತಿರ ಇಬ್ಬರೂ ಹೋದೆವು. ಅವರು ತೂಕದ ಮಾತೇ ಎತ್ತಲಿಲ್ಲ. "ಮಲಗಿ, ಮಂಡಿ ಮಡಚಿ, ತಲೆ ಮಾತ್ರ ಸ್ವಲ್ಪ ಎತ್ತಿ" ಎಂದರು. ನನ್ನ ಹೊಟ್ಟೆಯ ನಡುವೆ ಮಗುಚಿಟ್ಟ ದೋಣಿಯ ಹಾಗೆ ಉಬ್ಬು ಎದ್ದಿತು. ಹೊಕ್ಕುಳ ಮೇಲೆ ಬೆರಳಿಟ್ಟು ಒತ್ತಿದರು. ಮೂರು ಬೆರಳು ಸಲೀಸಾಗಿ ಒಳಗೆ ಹೋದವು. ನನ್ನ ಕೈಯನ್ನೂ ಅಲ್ಲಿ ಇಡಿಸಿದರು. ನಾಲ್ಕು ವರ್ಷ ಹೊತ್ತು ತಿರುಗಿದ ಹೊಟ್ಟೆ, ಒಳಗೆ ಹೀಗೊಂದು ಸಂದು ಇದೆ ಅಂತ ನನಗೇ ಗೊತ್ತಿರಲಿಲ್ಲ.

ಬಸುರಿನಲ್ಲಿ ಹೊಟ್ಟೆಯ ಎರಡು ಪಕ್ಕದ ಸ್ನಾಯು ದೂರ ಸರಿಯುತ್ತವೆ. ಕೆಲವರಲ್ಲಿ ಮತ್ತೆ ಹತ್ತಿರ ಬರುವುದೇ ಇಲ್ಲ. ಲೈಪೋಸಕ್ಷನ್ ಕೊಳವೆ ಚರ್ಮದ ಕೆಳಗಿನ ಕೊಬ್ಬನ್ನಷ್ಟೇ ಎಳೆಯುತ್ತದೆ. ಸ್ನಾಯುವನ್ನು ಸೇರಿಸುವುದಿಲ್ಲ, ಕರುಳಿನ ಸುತ್ತ ಇರುವ ಕೊಬ್ಬನ್ನೂ ಮುಟ್ಟುವುದಿಲ್ಲ. ಅಂದರೆ ಅಷ್ಟು ದುಡ್ಡು ಕೊಟ್ಟು, ನೋವು ತಿಂದು ಬಂದರೂ ಈ ಉಬ್ಬು ಹಾಗೇ ಇರುತ್ತಿತ್ತು. ಹಳೆ ಸಿಸೇರಿಯನ್ ಗಾಯದ ಹತ್ತಿರ ಹರ್ನಿಯಾ, ಅಂದರೆ ಹೊಟ್ಟೆಯ ಗೋಡೆ ಸಡಿಲವಾದಲ್ಲಿ ಕರುಳು ಹೊರಗೆ ಉಬ್ಬುವುದು, ಇದ್ದು ಅದನ್ನು ನೋಡದೆ ಕೊಳವೆ ಹಾಕಿದರೆ ಕರುಳಿಗೇ ತೂತಾಗಬಹುದು. ಅದಕ್ಕೇ ಸ್ಕ್ಯಾನಿಂಗ್ ಬರೆದುಕೊಟ್ಟರು. ಪುಣ್ಯಕ್ಕೆ ಹರ್ನಿಯಾ ಇರಲಿಲ್ಲ.

ಸಂಜೆ ರೈಲಿನ ವಿಷಯ ಹೇಳಿದಾಗ ಡಾಕ್ಟ್ರು ಪೆನ್ನು ಕೆಳಗಿಟ್ಟರು. ನಾನು ಮಕ್ಕಳಾಗದ ಹಾಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದೆ. ಆ ಮಾತ್ರೆಯಿಂದಲೇ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಸಾಧ್ಯತೆ ಜಾಸ್ತಿಯಂತೆ. ಅದರ ಮೇಲೆ ಆಪರೇಷನ್, ಅದರ ಮೇಲೆ ಮೂರು ಗಂಟೆ ಕೂತು ಪ್ರಯಾಣ. ಆ ಹೆಪ್ಪು ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ. ಕೊಬ್ಬು, ನೀರು ಸೇರಿ ಒಮ್ಮೆಗೆ 5 ಲೀಟರ್‌ಗಿಂತ ಜಾಸ್ತಿ ತೆಗೆದರಂತೂ ರಾತ್ರಿ ಆಸ್ಪತ್ರೆಯಲ್ಲೇ ಇಟ್ಟುಕೊಂಡು ನೋಡಬೇಕು ಎಂದರು. ಅಕ್ಕ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಳು.

ಅವರು ಲೈಪೋಸಕ್ಷನ್ ಕೆಟ್ಟದ್ದು ಅನ್ನಲಿಲ್ಲ. ತೂಕ ಹೆಚ್ಚುಕಮ್ಮಿ ಸರಿಯಿದ್ದು, ಚರ್ಮ ಬಿಗಿಯಿದ್ದು, ಒಂದೇ ಜಾಗದ ಕೊಬ್ಬು ಏನು ಮಾಡಿದರೂ ಕರಗದಿದ್ದರೆ ಅದು ಒಳ್ಳೆಯ ದಾರಿಯೇ. ಮಾಡುವವರು ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂಸಿಹೆಚ್ ಅಥವಾ ಡಿಎನ್‌ಬಿ ಅನ್ನೋ ತಜ್ಞರ ಪದವಿ ಓದಿರಬೇಕು, ಅರಿವಳಿಕೆ ಡಾಕ್ಟ್ರು ಕೊನೆವರೆಗೂ ಪಕ್ಕದಲ್ಲಿರಬೇಕು, ಹೆಚ್ಚುಕಮ್ಮಿಯಾದರೆ ಐಸಿಯು ಇರಬೇಕು. ಈ ಮೂರನ್ನೂ ಆ ಕ್ಲಿನಿಕ್‌ಗೆ ಫೋನ್ ಮಾಡಿ ಕೇಳಿದೆ. ವಿಚಾರಿಸಿ ಹೇಳ್ತೀವಿ ಅಂದವರು ಮತ್ತೆ ಫೋನ್ ಮಾಡಲಿಲ್ಲ.

ನನಗೆ ಬರೆದುಕೊಟ್ಟದ್ದು ಫಿಸಿಯೋಥೆರಪಿ. ಉಸಿರು ಬಿಡುತ್ತಾ ಹೊಟ್ಟೆ ಒಳಗೆಳೆಯುವ ವ್ಯಾಯಾಮ. ಅದರಿಂದ ಸಾಲದಿದ್ದರೆ ಸ್ನಾಯು ಹೊಲಿಯುವ ಆಪರೇಷನ್ ಇದೆ. ಅದು ದೊಡ್ಡದು, ವಾರಗಟ್ಟಲೆ ಭಾರ ಎತ್ತುವ ಹಾಗಿಲ್ಲ, ಬೇಕೋ ಬೇಡವೋ ನಾನಿನ್ನೂ ತೀರ್ಮಾನಿಸಿಲ್ಲ. ಚೀಟಿ ದುಡ್ಡು ಬ್ಯಾಂಕಿನಲ್ಲಿದೆ. ವ್ಯಾಯಾಮ ಶುರುಮಾಡಿ ಈಗ ಮೂರನೇ ತಿಂಗಳು. ದಿನಾ ಬೆಳಗ್ಗೆ ಚಾಪೆ ಮೇಲೆ ಮಲಗಿ ತಲೆ ಎತ್ತಿ ಬೆರಳಿಟ್ಟು ನೋಡುತ್ತೇನೆ. ಚಿಕ್ಕವಳೂ ಪಕ್ಕದಲ್ಲಿ ಮಲಗಿ ತನ್ನ ಹೊಟ್ಟೆ ಮೇಲೆ ಬೆರಳಿಡುತ್ತಾಳೆ. ಇವತ್ತು ಎರಡೂವರೆ ಬೆರಳು ಹಿಡಿಸಿತು.